ಸ್ಪ್ರಿಂಗ್ ಮೇಲಿನ ಪಂಪ್: ಸಂದು ಸರಿಮಾಡಿದ್ದು ಹೀಗೆ

ಲಾಸ್ ಏಂಜಲೀಸ್‌ನ ಒಂದು ಕಟ್ಟಡದಲ್ಲಿ ಎಸಿಯ ನೀರಿನ ಪಂಪ್ ಕೂರಿಸಿದ್ದೆವು. ಪಂಪಿನ ಕಂಪನ ಕೆಳಗಿನ ಮಹಡಿಗೆ ಇಳಿಯಬಾರದು ಅಂತ ಸ್ಪ್ರಿಂಗ್ ಮೇಲಿಟ್ಟಿದ್ದೆವು. ಇನ್‌ಸ್ಪೆಕ್ಟರ್ ಒಪ್ಪಲಿಲ್ಲ. ಪಂಪಿಗೂ ಅದನ್ನು ತಡೆಯುವ ಸ್ನಬ್ಬರ್‌ಗೂ ನಡುವಿನ ಸಂದು 12 ಮಿ.ಮೀ. ಇತ್ತು, ಅದು ಜಾಸ್ತಿ.

ಭೂಕಂಪದಲ್ಲಿ ಸ್ಪ್ರಿಂಗ್ ಮೇಲಿನ ಯಂತ್ರ ಜಾಸ್ತಿ ಕುಣಿಯುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಡೆಯೇ ಸ್ನಬ್ಬರ್. ಸಂದು ದೊಡ್ಡದಾದರೆ ಯಂತ್ರ ಓಡಿಬಂದು ಗುದ್ದುತ್ತದೆ, ಅಲ್ವಾ? ಅದಕ್ಕೇ ಎಎಸ್‌ಸಿಇ 7 (ಕಟ್ಟಡಗಳು ತಡೆಯಬೇಕಾದ ಬಲಗಳ ಅಮೆರಿಕದ ಮಾನದಂಡ) ಪ್ರಕಾರ ಸಂದು ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ದಾಟಿದರೆ ಲೆಕ್ಕದಲ್ಲಿ ಭೂಕಂಪದ ಬಲವನ್ನು ಎರಡು ಪಟ್ಟು ಹಿಡಿಯಬೇಕು. ಕಾಂಕ್ರೀಟ್‌ಗೆ ಬಿಗಿದಿದ್ದ ನಮ್ಮ ಆಂಕರ್ ಬೋಲ್ಟ್‌ಗಳು ಅಷ್ಟನ್ನು ತಡೆಯುತ್ತಿರಲಿಲ್ಲ.

ದಪ್ಪ ಬೋಲ್ಟ್ ಹಾಕಲು ಕಾಂಕ್ರೀಟ್ ಒಡೆಯಬೇಕಿತ್ತು. ಆಮೇಲೆ ಹೊಳೆಯಿತು: ಪೈಪ್ ಖಾಲಿ ಇದ್ದಾಗ ಅಳೆದಿದ್ದೆವು! ನೀರು ತುಂಬಿಸಿ, ಸ್ಪ್ರಿಂಗ್ ಪೂರ್ತಿ ಕೂತ ಮೇಲೆ ಎತ್ತರ ಹೊಂದಿಸಿದೆವು. ಶಿಮ್ (ಸಂದು ತುಂಬುವ ತೆಳು ತಗಡು) ಹಾಕಿ ಸಂದನ್ನು 5 ಮಿ.ಮೀ.ಗೆ ತಂದೆವು. ಪಂಪ್ ಓಡಿಸಿ ನೋಡಿದೆ, ಎಲ್ಲೂ ತಾಗಲಿಲ್ಲ.

ಪೈಪ್ ಸೇರುವ ಕಡೆ ಬಾಗುವ ಜೋಡಣೆಯನ್ನೂ ಪರೀಕ್ಷಿಸಿದೆವು. 1994ರ ನಾರ್ತ್‌ರಿಜ್ ಭೂಕಂಪದಲ್ಲಿ ಇದೇ ಊರಿನ ಆಲಿವ್ ವ್ಯೂ ಆಸ್ಪತ್ರೆಯ ಕಟ್ಟಡ ಗಟ್ಟಿಯಾಗಿ ನಿಂತಿತ್ತು. ಆದರೆ ಪೈಪ್ ಒಡೆದು ನೀರು ನುಗ್ಗಿ, ರೋಗಿಗಳನ್ನು ಬೇರೆಡೆ ಸಾಗಿಸಬೇಕಾಯಿತು.