‘ನನ್ನ ಕತಿ ಕದ್ದಾನ್ರಿ’ ಅನ್ನುವ ಮೊದಲು

ಕಲಬುರಗಿಯಲ್ಲಿ ಕತೆ ಬರೆಯುವವರು ಒಮ್ಮೆಯಾದರೂ ತೊಗರಿ ರೈತನ ಸಾಲದ ಬಗ್ಗೆ ಬರೆದಿರುತ್ತಾರೆ. ನಾನೂ ಬರೆದಿದ್ದೇನೆ. ಹಾಗಾಗಿ ಗೆಳೆಯರೊಬ್ಬರು ಪತ್ರಿಕೆ ಹಿಡಿದು ಬಂದು ‘ನನ್ನ ಕತಿ ಕದ್ದಾನ್ರಿ’ ಅಂದಾಗ ಮೊದಲು ಚಹಾ ತರಿಸಿದೆ, ಆಮೇಲೆ ಪೆನ್ಸಿಲ್.

ಕದ್ದದ್ದು ಏನು ಅಂತ ಮೊದಲು ಗೊತ್ತಾಗಬೇಕು. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. ನಾಟಕಕಾರ ಆರ್.ಜಿ. ಆನಂದ್ ತಮ್ಮ ನಾಟಕ ಸಿನಿಮಾ ಆಗಿದೆ ಎಂದು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದರು. ಎರಡರಲ್ಲೂ ಪ್ರಾಂತೀಯತೆಯ ಜಗಳ, ಬೇರೆ ಬೇರೆ ಪ್ರಾಂತ್ಯದ ಹುಡುಗ–ಹುಡುಗಿಯ ಪ್ರೀತಿ. ಆದರೂ 1978ರಲ್ಲಿ ಅವರು ಸೋತರು. ವಸ್ತು, ಕಥಾಹಂದರ, ಐತಿಹ್ಯ ಯಾರ ಸ್ವತ್ತೂ ಅಲ್ಲ, ಅದನ್ನು ಹೇಳಿದ ರೀತಿ ಮಾತ್ರ ನಿಮ್ಮದು ಎಂದಿತು ಕೋರ್ಟ್.

ಈಗ ಎರಡೂ ಬರಹ ಅಕ್ಕಪಕ್ಕ ಇಟ್ಟುಕೊಂಡು ಗೆರೆ ಎಳೆಯಿರಿ. ಸಾಲ, ಬ್ಯಾಂಕು, ಬತ್ತಿದ ಬಾವಿ ಹೊಂದಿದರೆ ಬಿಟ್ಟುಬಿಡಿ. ವಾಕ್ಯ, ಪ್ರಸಂಗಗಳ ಜೋಡಣೆ, ಸಣ್ಣ ವಿವರ ನೋಡಿ. ನನ್ನದೊಂದು ಕತೆಯಲ್ಲಿ ಸೇಡಂ ಬಸ್ಸು ಹತ್ತುವ ಆಯಿ ಸೆರಗಿಗೆ ಮೂರು ಗಂಟು ಹಾಕಿಕೊಂಡಿರುತ್ತಾಳೆ: ಒಂದರಲ್ಲಿ ಬಸ್ ಚಾರ್ಜು, ಒಂದರಲ್ಲಿ ತಂಬಾಕು, ಇನ್ನೊಂದರಲ್ಲಿ ಮೊಮ್ಮಗನ ಪೆಪ್ಪರಮಿಂಟು. ಮುಂದೆ ಇನ್ನೊಬ್ಬರ ಸಂಕಲನದಲ್ಲಿ ಅದೇ ಮೂರು ಗಂಟು, ಅದೇ ಕ್ರಮದಲ್ಲಿ! ಅದಕ್ಕಿಂತ ಮಜಾ ಏನೆಂದರೆ, ನಾನು ಮೈಮರೆತು ಮೊದಲು ಬಿಳಿ ಅಂದಿದ್ದ ಆಡನ್ನು ಕೊನೆಯಲ್ಲಿ ಕರಿ ಮಾಡಿದ್ದೆ. ಅಲ್ಲಿಯೂ ಆಡು ಬಣ್ಣ ಬದಲಿಸಿತ್ತು. ನಕಲಿಗೆ ಇಂಥ ತಪ್ಪಿಗಿಂತ ಒಳ್ಳೆ ಸಾಕ್ಷಿ ಬೇಕಾ?

ನೀವೇ ಎಲ್ಲಿಂದಲಾದರೂ ತಂದದ್ದನ್ನೂ ಪಕ್ಕಕ್ಕಿಡಿ. ವಚನ, ಜಾತ್ರೆಯ ಹಾಡು, ಬಂದೇನವಾಜರ ಐತಿಹ್ಯ ಎಲ್ಲರದು. ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಅವರ ಕೃತಿಯೂ ಎಲ್ಲರದು.

ಆಮೇಲೆ ನೀವು ಮೊದಲು ಬರೆದದ್ದಕ್ಕೆ ಪುರಾವೆ. ತಾರೀಕು ಇರುವ ಇಮೇಲ್, ಪತ್ರಿಕೆಯ ಪ್ರತಿ, ಹಸ್ತಪ್ರತಿ, ಏನಿದ್ದರೂ ಎತ್ತಿಡಿ. ನೋಂದಣಿ ಕಡ್ಡಾಯವಲ್ಲ, ಬರೆದ ಕ್ಷಣವೇ ಹಕ್ಕು ಬರುತ್ತದೆ. ಆದರೂ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ ಅಷ್ಟೇ. ಪುಸ್ತಕ ತರುವವರು ಮಾಡಿಸಿಟ್ಟರೆ ಒಳ್ಳೆಯದು.

ಇಷ್ಟಾಗುವವರೆಗೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಕಳ್ಳ’ ಅಂತ ಹಾಕಬೇಡಿ. ಸುಮ್ನೆ ಕೇಸು ಹಾಕ್ತೀನಿ ಅಂತ ಬೆದರಿಸಿದರೆ, ಕಾಪಿರೈಟ್ ಕಾಯ್ದೆಯ 60ನೇ ಕಲಂ ಪ್ರಕಾರ ಅವರೇ ನಿಮ್ಮ ಮೇಲೆ ದಾವೆ ಹಾಕಬಹುದು. ಮಾನನಷ್ಟದ ತಲೆನೋವು ಬೇರೆ. ಮೊದಲು ಪ್ರಕಾಶಕರಿಗೂ ಲೇಖಕರಿಗೂ ಒಂದು ಕಾಗದ ಬರೆಯಿರಿ. ನನ್ನ ಕೆಲಸ ಅಷ್ಟರಲ್ಲೇ ಮುಗಿಯಿತು: ಮುಂದಿನ ಮುದ್ರಣದಲ್ಲಿ ಆ ಕತೆ ಇರಲಿಲ್ಲ.

ಕಾಗದಕ್ಕೆ ಉತ್ತರ ಬರದಿದ್ದರೆ ವಕೀಲರ ನೋಟಿಸು, ಅದಕ್ಕೂ ಜಗ್ಗದಿದ್ದರೆ ದಾವೆ. ತಡೆಯಾಜ್ಞೆ, ನಷ್ಟ ಪರಿಹಾರ ಎರಡೂ ಕೇಳಬಹುದು. ಪ್ರಕಾಶಕರು ಬೆಂಗಳೂರಿನವರಾದರೂ ನೀವು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹಾಕಬಹುದು, 62ನೇ ಕಲಂ ಆ ಅನುಕೂಲ ಕೊಟ್ಟಿದೆ. ಪರಿಹಾರ ಕೇಳಲು 3 ವರ್ಷದ ಗಡುವಿದೆ. ಬೇಕೆಂದೇ ಕದ್ದದ್ದು ಸಾಬೀತಾದರೆ ಜೈಲು ಶಿಕ್ಷೆಯೂ ಇದೆ, ಆದರೆ ಕತೆಗಾರರ ನಡುವೆ ಅಲ್ಲಿವರೆಗೆ ಹೋಗುವುದು ಜಾಸ್ತಿಯಾಯಿತು ಅನ್ನಿಸುತ್ತದೆ.

ವಕೀಲರ ಹತ್ತಿರ ಹೋಗುವಾಗ ಗೆರೆ ಎಳೆದ ಎರಡೂ ಪ್ರತಿ ಒಯ್ಯಿರಿ. ನನ್ನ ಗೆಳೆಯರು ಒಯ್ಯಲಿಲ್ಲ. ಎರಡು ಚಹಾ ಮುಗಿಯುವಷ್ಟರಲ್ಲಿ ಅವರ ಪ್ರತಿಯಲ್ಲಿ ಗೆರೆ ಬಿದ್ದದ್ದು ಒಂದೇ ಕಡೆ, ಅದೂ ಒಂದು ಗಾದೆಗೆ.