ಬರ್ಚ್ ಮರದ ಬಿಲ್ಲು: ಎರಡು ಮರ ಹಾಳು ಮಾಡಿದ ಮೇಲೆ ಗೊತ್ತಾದದ್ದು

ಬಿಲ್ಲು ಮಾಡುವ ಹುಚ್ಚು ಹಿಡಿದಾಗ ಎಲ್ಲರೂ ಹೇಳಿದ್ದು ಒಂದೇ, ಯೂ ಮರ ಹುಡುಕು ಅಂತ. ಆದರೆ ನಾನಿರುವುದು ಫಿನ್‌ಲ್ಯಾಂಡ್. ಇಲ್ಲಿ ಆಲಂಡ್ ದ್ವೀಪಗಳನ್ನು ಬಿಟ್ಟರೆ ಕಾಡಿನಲ್ಲಿ ಯೂ ಬೆಳೆಯುವುದಿಲ್ಲ. ಬರ್ಚ್ ಮಾತ್ರ ಮನೆಯ ಹಿಂದೆ ಬೇಕಾದಷ್ಟಿದೆ. ಇಲ್ಲಿನ ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ಹಿಂದೆ ಬಿಲ್ಲಿನ ಬೆನ್ನಿಗೆ, ಅಂದರೆ ಗುರಿಯ ಕಡೆ ಇರುವ ಮೈಗೆ, ಇದನ್ನೇ ಬಳಸಿ, ಹೊಟ್ಟೆಯ ಕಡೆಗೆ, ಅಂದರೆ ಬಿಲ್ಲುಗಾರನ ಕಡೆಯ ಮೈಗೆ, ಗಟ್ಟಿಯಾದ ಪೈನ್ ಅಂಟಿಸುತ್ತಿದ್ದರು. ನಾನು ಅಷ್ಟು ದೂರ ಹೋಗಲಿಲ್ಲ, ಒಂದೇ ಮರದ ಬಿಲ್ಲು ಸಾಕು ಅಂದುಕೊಂಡೆ.

ಕಾಡಿನಲ್ಲಿ ಯಾರು ಬೇಕಾದರೂ ಹಣ್ಣು, ಅಣಬೆ ಕೀಳಬಹುದು, ಮರ ಕಡಿಯುವಂತಿಲ್ಲ. ಅದಕ್ಕೆ ಜಮೀನಿನವರನ್ನು ಕೇಳಲೇಬೇಕು. ಪಕ್ಕದ ಅಜ್ಜ ಒಪ್ಪಿದರು. ಮೊದಲ ಸಲ ಬಯಲಲ್ಲಿ ನಿಂತಿದ್ದ, ಬೆಳ್ಳಗೆ ಹೊಳೆಯುತ್ತಿದ್ದ ಚೆಂದದ ಮರ ಆರಿಸಿದೆ. ಬೆಣೆ ಹೊಡೆದು ಸೀಳಿದರೆ ಸೀಳು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿತ್ತು, ಗಂಟುಗಳಂತೂ ಗೇಣಿಗೊಂದು! ಸೀದಾ ಒಲೆಗೆ ಹೋಯಿತು.

ಎರಡನೆಯದು ನೇರವಾಗಿತ್ತು. ಅದನ್ನು ತೊಗಟೆ ಸಮೇತ ಶೆಡ್ಡಿನಲ್ಲಿ ಇಟ್ಟು ಬೇಸಿಗೆಯೆಲ್ಲ ಮರೆತೆ. ತೆಗೆದು ನೋಡಿದರೆ ಒಳಗೆ ಬೂದು ಕಲೆ, ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗೆ. ಕಾಶ್ಮೀರದ ಹಳೇ ಹಸ್ತಪ್ರತಿಗಳ ಭೂರ್ಜಪತ್ರ ಬರುವುದು ಈ ಮರದ ಹಿಮಾಲಯದ ದಾಯಾದಿಯಿಂದ ಅಲ್ವಾ? ತೊಗಟೆ ಅಷ್ಟು ಬಾಳಿಕೆಯದ್ದು, ನೀರನ್ನು ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ, ಅದಕ್ಕೇ ಒಳಗಿನ ಹಸಿ ಮರ ಅಲ್ಲೇ ಕೊಳೆಯಿತು.

ಈಗ ನಾನು ಚೆಂದ ನೋಡುವುದಿಲ್ಲ. ದಟ್ಟ ಕಾಡಿನ ನಡುವೆ ಬೆಳಕಿಗೆ ಒದ್ದಾಡಿ ಸಪೂರವಾಗಿ ಬೆಳೆದ, ಆಳೆತ್ತರದವರೆಗೂ ಕೊಂಬೆಯಿಲ್ಲದ, ಸುಮಾರು 15 ಸೆಂಟಿಮೀಟರ್ ದಪ್ಪದ ಮರ ಹುಡುಕುತ್ತೇನೆ, ಬುಡದ ಒರಟು ತೊಗಟೆಯ ಬಿರುಕು ನೇರವಾಗಿ ಮೇಲಕ್ಕೆ ಹೋಗಿದೆಯಾ ಅಂತ ಸುತ್ತು ಹಾಕಿ ನೋಡುತ್ತೇನೆ. ಕಡಿಯುವುದು ಚಳಿಗಾಲದಲ್ಲಿ, ರಸ ಏರುವ ಮೊದಲು. ಅದೇ ದಿನ ಸೀಳಿ, ತೊಗಟೆ ತೆಗೆದು, ಎರಡೂ ತುದಿಗೆ ಅಂಟು ಬಳಿಯುತ್ತೇನೆ. ತೊಗಟೆ ತೆಗೆಯುವಾಗ ಅವಸರ ಬೇಡ, ಅದರ ಕೆಳಗಿನ ಮರವೇ ಬಿಲ್ಲಿನ ಬೆನ್ನು, ಚಾಕು ತಾಗಿ ಎಳೆ ಕತ್ತರಿಸಿದರೆ ಬಿಲ್ಲು ಅಲ್ಲೇ ಮುರಿಯುತ್ತದೆ.

ಒಣಗಿತಾ ಅಂತ ತಿಳಿಯಲು ನನ್ನ ಉಪಕರಣ, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿ. ವಾರಕ್ಕೊಮ್ಮೆ ತೂಗಿ ಬರೆದಿಡುತ್ತೇನೆ, ತೂಕ ಇಳಿಯುವುದು ನಿಂತ ಮೇಲೆಯೇ ಕೊಡಲಿ ಮುಟ್ಟುವುದು. ಹಾಗಂತ ಹೀಟರ್ ಪಕ್ಕ ಇಟ್ಟು ಜಾಸ್ತಿ ಒಣಗಿಸಿದರೂ ಕಷ್ಟ, ಮರ ಪೆಡಸಾಗುತ್ತದೆ.

ಬರ್ಚ್ ಯೂ ಅಲ್ಲ, ಹೊಟ್ಟೆಯ ಕಡೆ ಬೇಗ ಸೋಲುತ್ತದೆ. ಹಾಗಾಗಿ ಬಿಲ್ಲಿನ ಕೈಗಳನ್ನು, ಅಂದರೆ ಹಿಡಿಯ ಆಚೀಚೆ ಬಗ್ಗುವ ಭಾಗಗಳನ್ನು, 5 ಸೆಂಟಿಮೀಟರ್ ಅಗಲ, ಚಪ್ಪಟೆ ಇಟ್ಟೆ, ಉದ್ದ ನನ್ನೆತ್ತರಕ್ಕಿಂತ ತುಸು ಜಾಸ್ತಿ. ಆದರೂ ಹೆದೆ ಬಿಚ್ಚಿದ ಮೇಲೆ ತುದಿಗಳು ಮೂರು ಬೆರಳಷ್ಟು ಬಗ್ಗಿಯೇ ಇರುತ್ತವೆ. ಬಾಣ ಮಾತ್ರ ಚೆನ್ನಾಗಿಯೇ ಹೋಗುತ್ತದೆ, ಎರಡು ಈಗಾಗಲೇ ಅಜ್ಜನ ಹೊಲದಲ್ಲಿ ಕಳೆದುಹೋಗಿವೆ.