ಮಾಂಸಕ್ಕೆ ಹೊಗೆ ಕೊಡಲು ಇದ್ದಿಲು ಆರಿಸುವುದು ಹೇಗೆ?

ಇದ್ದಿಲು ಇರುವುದು ಶಾಖಕ್ಕೆ, ಪರಿಮಳ ಬರುವುದು ಕಟ್ಟಿಗೆಯಿಂದ. ಇದು ತಿಳಿಯದೆ ಇದ್ದಿಲಿನಿಂದಲೇ ದಟ್ಟ ಹೊಗೆ ಎಬ್ಬಿಸಿ ಕೋಳಿಯನ್ನು ಕಹಿ ಮಾಡುವವರನ್ನು ಕುಂಬಳೆ, ಬದಿಯಡ್ಕ ಕಡೆ ಎಷ್ಟೋ ಹಿತ್ತಲುಗಳಲ್ಲಿ ನೋಡಿದ್ದೇನೆ. ಒಳ್ಳೆಯ ಕೋಳಿ ಸುಮ್ನೆ ಹಾಳಾಗುತ್ತದೆ.

ನಾವು ಕಾಸರಗೋಡಿನವರು ಗೆರಟೆ (ತೆಂಗಿನ ಚಿಪ್ಪು) ಇದ್ದಿಲನ್ನೇ ತೆಗೆದುಕೊಳ್ಳಬೇಕು. ತೆಂಗಿನ ನಾಡಲ್ವಾ! ಬಿಸಿ ಜಾಸ್ತಿ, ಹೊಗೆ ಕಡಿಮೆ, ತುಂಬ ಹೊತ್ತು ನಿಲ್ಲುತ್ತದೆ. ಅಚ್ಚೊತ್ತಿದ ಇದ್ದಿಲು ಗಟ್ಟಿಗಳೂ ಒಂದೇ ಸಮ ಉರಿಯುತ್ತವೆ, ಬೂದಿ ಮಾತ್ರ ಜಾಸ್ತಿ. ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಳ್ಳುವ ಗಟ್ಟಿಗಳು ಬೇಡವೇ ಬೇಡ. ಅವುಗಳಿಗೆ ಸೇರಿಸಿದ ಎಣ್ಣೆಯ ವಾಸನೆ ಮಾಂಸಕ್ಕೆ ಹತ್ತುತ್ತದೆ.

ಚೀಲ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ. ಒಂದು ಚೂರು ಮುರಿಯಿರಿ. ಟಕ್ಕೆಂದು ಮುರಿದು, ಒಳಗೆಲ್ಲ ಕಪ್ಪಾಗಿ ಮಿನುಗಿದರೆ ಚೆನ್ನಾಗಿ ಸುಟ್ಟಿದೆ. ಒಳಗೆ ಕಂದು ಬಣ್ಣವೋ ನಾರೋ ಕಂಡರೆ ಅದು ಅರೆಬೆಂದ ಗೆರಟೆ. ಕಣ್ಣುರಿಸುವ ಬಿಳಿ ಹೊಗೆ ಬರುವುದು ಅದರಿಂದಲೇ. ಎರಡು ಚೂರು ಒಂದಕ್ಕೊಂದು ತಟ್ಟಿ: ಠಣ್ ಎನ್ನಬೇಕು. ಮಂಕಾಗಿ ಸದ್ದು ಬಂದರೆ ಥಂಡಿ ಹಿಡಿದಿರಬಹುದು. ನಮ್ಮ ಮಳೆಗಾಲದಲ್ಲಿ ಇದ್ದಿಲು ಬೇಗ ತೇವ ಎಳೆಯುತ್ತದೆ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ತಳದ ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ, ಇಲ್ಲದಿದ್ದರೆ ಅದು ಸಂದುಗಳಲ್ಲಿ ಕೂತು ಗಾಳಿ ತಡೆಯುತ್ತದೆ.

ಹೊತ್ತಿಸಲು ಸೀಮೆಎಣ್ಣೆ ಬೇಡ, ಕಾಗದ ಸಾಕು. ಬಯಲಲ್ಲೇ ಹೊತ್ತಿಸಿ. ಇದ್ದಿಲಿನಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಮೇಲೆಲ್ಲ ಬೂದಿ ಹಿಡಿಯುವವರೆಗೆ ಮಾಂಸ ಇಡಬೇಡಿ. ಅವಸರ ಮಾಡುವವರು ಕೆಡಿಸುವುದು ಇಲ್ಲೇ.

ಆಮೇಲೆ ಒಣಗಿದ ಪೇರಳೆ ಅಥವಾ ಮಾವಿನ ಕಟ್ಟಿಗೆಯ ಒಂದೆರಡು ತುಂಡು. ನನಗೆ ಪೇರಳೆಯೇ ಇಷ್ಟ. ಪ್ಲೈವುಡ್, ಬಣ್ಣ ಬಳಿದ ಮರ ಮುಟ್ಟಬೇಡಿ. ಸುಲಭಕ್ಕೆ ಸಿಗುತ್ತದೆಂದು ಗೇರುಬೀಜದ ಸಿಪ್ಪೆಯನ್ನೂ ಹಾಕಬೇಡಿ, ಚರ್ಮ ಸುಡುವ ಎಣ್ಣೆ ಅದರಲ್ಲಿದೆ. ಹೊಗೆ ತೆಳ್ಳಗೆ, ನೀಲಿಯಾಗಿ ಏಳಬೇಕು.

ಮಾಂಸಕ್ಕೆ ಹೊಗೆ ಕೊಡುವ ಡ್ರಮ್ಮಿನೊಳಗೆ 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಲಿ. ಕೋಳಿಯ ದಪ್ಪ ಭಾಗದ ಒಳಗೆ 74 ಡಿಗ್ರಿ ಆಗಲೇಬೇಕು. ನಡುವೆ ಶಾಖ ಇಳಿದರೆ ಹೊತ್ತಿಸದ ಇದ್ದಿಲು ಸುರಿಯಬೇಡಿ. ಪಕ್ಕದಲ್ಲಿ ಹಳೆಯ ಬಾಣಲೆಯಲ್ಲಿ ಹೊತ್ತಿಸಿ, ಬೂದಿ ಹಿಡಿದ ಮೇಲೆ ಇಕ್ಕಳದಲ್ಲಿ ಕೆಂಡವನ್ನಷ್ಟೇ ಸೇರಿಸಿ.